ಕಳ್ಳರ ಅಕ್ಕೋರು

ನಮ್ಮಪ್ಪ ಲಿಂಗಸುಗೂರಿನ ಕೋರ್ಟಿನಲ್ಲಿ ಜವಾನರಾಗಿದ್ದರು. ಫೈಲು ಹೊರುವುದು, ಕುರ್ಚಿ ಒರೆಸುವುದು, ಸಾಹೇಬರಿಗೆ ನೀರು ಇಡುವುದು ಎಲ್ಲವೂ ಇತ್ತು. ಆದರೆ ಊರಿನವರ ಪ್ರಕಾರ ಅವರ ಕೆಲಸ ಒಂದೇ, ಕೂಗುವುದು. ವಾದಿಯಿರಲಿ, ಪ್ರತಿವಾದಿಯಿರಲಿ, ಆರೋಪಿಯಿರಲಿ, ಬಾಗಿಲಲ್ಲಿ ನಿಂತು ಹೆಸರನ್ನು ಮೂರು ಸಲ ಕೂಗಬೇಕು. ಆಸಾಮಿ ಎದುರಿಗೇ ನಿಂತಿದ್ದರೂ ಅಪ್ಪ ಮೂರು ಸಲ ಬಿಡುತ್ತಿರಲಿಲ್ಲ. ಒಬ್ಬ ಮುದುಕ ಒಮ್ಮೆ, "ಇಲ್ಲೇ ಅದೀನಲ್ಲೋ ಯಪ್ಪಾ, ಕಿವಿ ಯಾಕ ಒಡೀತಿ" ಎಂದನಂತೆ. "ನೀ ಇರೋದು ನನಗ ಗೊತ್ತೈತಿ, ಕೋರ್ಟಿಗೆ ಗೊತ್ತಾಗಬೇಕಲ್ಲ" ಎಂದು ಅಪ್ಪ ಮೂರನೆಯದನ್ನೂ ಕೂಗಿ ಮುಗಿಸಿದರಂತೆ. ಮನೆಯಲ್ಲೂ ಅದೇ ಗಂಟಲು. ನನ್ನನ್ನು ಊಟಕ್ಕೆ ಕರೆದರೆ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿ ಎದ್ದು ನಿಲ್ಲುತ್ತಾರೆ ಎಂದು ಅವ್ವ ಹಂಗಿಸುತ್ತಿದ್ದಳು.

ಶಾಲೆಗೆ ರಜೆ ಇದ್ದಾಗ ಅಪ್ಪನಿಗೆ ಬುತ್ತಿ ಒಯ್ಯುವುದು ನನ್ನ ಪಾಲಿನ ಕೆಲಸ. ಕೋರ್ಟಿನ ಬೇವಿನ ಗಿಡದ ಕೆಳಗೆ ಕುಳಿತು ನೋಡುತ್ತಿದ್ದೆ. ಹೆಸರು ಕೂಗಿಸಿಕೊಂಡವರು ಚಪ್ಪಲಿ ಕಳಚಿ ಒಳಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೆಲವರು ಪೊಲೀಸರ ಜೊತೆ ಹೊರಗೆ ಬರುತ್ತಿದ್ದರು, ಕೆಲವರು ವಕೀಲರ ಹಿಂದೆ. ಬಿಟ್ಟ ಚಪ್ಪಲಿಯನ್ನೇ ಮರೆತು ಹೋಗುವವರೂ ಇದ್ದರು.

"ಆಮ್ಯಾಲೆ ಇವರೆಲ್ಲಾ ಎಲ್ಲಿಗೆ ಹೋಗ್ತಾರಪ್ಪ?" ಎಂದು ಒಂದು ದಿನ ಕೇಳಿದೆ.

"ಕೂಗೋದು ನನ್ನ ಕೆಲಸ. ಹೋಗೋದು ಅವರ ಕೆಲಸ. ನೀ ರೊಟ್ಟಿ ತಿನ್ನು."

ರೊಟ್ಟಿಯ ಜೊತೆಗೇ ಈ ಪ್ರಶ್ನೆಯೂ ಇಳಿದು ಹೋಗಬೇಕಿತ್ತು. ಅದು ಮಾತ್ರ ನನ್ನ ಜೊತೆಗೇ ಬೆಳೆಯಿತು. ಡಿಗ್ರಿ ಮುಗಿಯುವ ಹೊತ್ತಿಗೆ, ಧಾರವಾಡದಲ್ಲಿ ಸಮಾಜಕಾರ್ಯ ಎಂಬ ವಿಷಯ ಓದಬಹುದು, ಅದರಲ್ಲಿ ಅಪರಾಧ ಮಾಡಿದವರ ಬಗ್ಗೆಯೂ ಕಲಿಸುತ್ತಾರೆ ಎಂದು ಯಾರೋ ಹೇಳಿದರು. ಹೋಗುತ್ತೇನೆ ಎಂದು ಹಟ ಹಿಡಿದೆ.

ಎಂಬತ್ತರ ದಶಕದ ನಮ್ಮ ಓಣಿಗೆ ಇದು ಒಳ್ಳೆಯ ತಮಾಷೆಯಾಯಿತು. ಎದುರು ಮನೆಯ ಕಾಕಾ ಕಟ್ಟೆಯ ಮೇಲೆ ಕುಳಿತು, "ಸಮಾಜ ಸೇವಾ ಮಾಡಾಕ ಧಾರವಾಡಕ್ಕ ಯಾಕ ಹೋಗಬೇಕವ್ವ? ನಮ್ಮ ಓಣಿ ಗಟಾರ ತುಂಬೈತಿ, ಇಲ್ಲೇ ಶುರು ಮಾಡು" ಎಂದರು. ಅವ್ವನ ಸಂಕಟ ಬೇರೆ. ಅವಳಿಗೆ ನಾನು ಅಕ್ಕೋರು ಆಗಬೇಕಿತ್ತು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಬಗಲಲ್ಲಿ ಕೊಡೆ, ಕೈಯಲ್ಲಿ ಗಡಿಯಾರ, ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳೂ ಎದ್ದು ನಮಸ್ಕಾರ ಮಾಡುವಂಥ ಮರ್ಯಾದೆ. ಆ ಮರ್ಯಾದೆಯ ಮೇಲೆ ಅವ್ವನ ಕಣ್ಣು ಬಹಳ ವರ್ಷಗಳಿಂದ ಇತ್ತು.

ಧಾರವಾಡದ ಓದು ಮುಗಿದು, ಪರೀಕ್ಷೆ ಬರೆದು, ತೊಂಬತ್ತರ ದಶಕ ಶುರುವಾದ ಹೊಸದರಲ್ಲಿ ನೌಕರಿಯ ಆದೇಶ ಬಂತು. ಬಿ.ಎಡ್. ಸೀಟೂ ಆಗಲೇ ಸಿಕ್ಕಿತು. ಎರಡು ಲಕೋಟೆಗಳನ್ನೂ ದೇವರ ಮುಂದೆ ಇಟ್ಟು ಅವ್ವ ಬಿ.ಎಡ್.ನದಕ್ಕೆ ಮಾತ್ರ ಕುಂಕುಮ ಹಚ್ಚಿದಳು. ನಾನು ಕುಂಕುಮವಿಲ್ಲದ್ದನ್ನು ಎತ್ತಿಕೊಂಡೆ.

ಹುದ್ದೆಯ ಹೆಸರು ಸರಕಾರಿ ಕನ್ನಡದಲ್ಲಿ ಪರಿವೀಕ್ಷಣಾಧಿಕಾರಿ. ಅವ್ವನ ಬಾಯಲ್ಲಿ ಅದು ಹೊರಳದೆ ಪರೀಕ್ಷಾ ಅಧಿಕಾರಿ ಆಯಿತು. ಎರಡೇ ದಿನಕ್ಕೆ, ಹತ್ತನೆಯ ಇಯತ್ತೆಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದ ಮಕ್ಕಳ ತಾಯಂದಿರು ನಮ್ಮ ಬಾಗಿಲಿಗೆ ಬಂದರು. ಪ್ರೊಬೇಷನ್ ಆಫೀಸರ್ ಎಂಬ ಇಂಗ್ಲಿಷ್ ಹೆಸರು ಹೇಳಿದರೆ ಇನ್ನೂ ಕಷ್ಟ. ಪ್ರೊಬೇಷನ್ ಎಂಬ ಮಾತು ಅಪ್ಪನಿಗೆ ತಮ್ಮ ನೌಕರಿಯಿಂದಲೇ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲಲ್ಲಿ ಆಸಾಮಿ ಸರಿಯಿದ್ದಾನೋ ಇಲ್ಲವೋ ಎಂದು ಸರಕಾರ ನೋಡುತ್ತದಲ್ಲ, ಖಾಯಂ ಮಾಡುವುದಕ್ಕೆ ಮೊದಲು, ಆ ಕಾಲ.

"ಎಲ್ಲಾರೂ ಪ್ರೊಬೇಷನ್ ಮುಗಿಸಿ ಆಫೀಸರ್ ಆಗ್ತಾರ" ಎಂದರು ಅಪ್ಪ. "ನೀ ಪ್ರೊಬೇಷನ್ನಿಗೇ ಆಫೀಸರ್ ಆಗೀದಿ."

"ಹಂಗಲ್ಲಪ್ಪ. ತಪ್ಪು ಮಾಡಿದವರನ್ನ ಜೈಲಿಗೆ ಹಾಕೋ ಬದಲಿ, ನೆಟ್ಟಗ ಇರತೀಯೇನು ನೋಡೋಣ ಅಂತ ಹೊರಗ ಬಿಡ್ತಾರ. ಅವರನ್ನ ನೋಡಿಕೊಳ್ಳೋದು ನನ್ನ ಕೆಲಸ."

"ಅಂದ್ರ ಕಳ್ಳರು ಖಾಯಂ ಆಗೋತನಕ ನೀ ಕಾಯಬೇಕು."

ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಾಯಿತು. ಮೇಲಾಗಿ ಮೊದಲ ಎರಡು ವರ್ಷ ನಾನೂ ಪ್ರೊಬೇಷನ್ನಿನ ಮೇಲಿದ್ದ ಪ್ರೊಬೇಷನ್ ಅಧಿಕಾರಿಯೇ. ಸಿಂಧನೂರಿನಿಂದ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಈ ಮಾತು ಕೇಳಿ ಚಹಾದ ಕಪ್ಪು ಕೆಳಗಿಟ್ಟರು. "ಖಾಯಂ ಆದಮ್ಯಾಲೆ ಹೇಳಿ ಕಳಸ್ರಿ" ಎಂದು ಎದ್ದು ಹೋದರು. ಅವ್ವ ಅವತ್ತೇ ಫರ್ಮಾನು ಹೊರಡಿಸಿದಳು. ಒಂದು ವರ್ಷ ನೋಡುತ್ತಾಳಂತೆ. ಇದು ಮನುಷ್ಯರು ಮಾಡುವ ನೌಕರಿ ಎಂದು ಅವಳಿಗೆ ಅನ್ನಿಸದಿದ್ದರೆ ನಾನು ಸುಮ್ಮನೆ ಬಿ.ಎಡ್.ಗೆ ಹೋಗಬೇಕಂತೆ.

ನನ್ನ ಮೊದಲ ಪ್ರಕರಣ ಲಿಂಗಸುಗೂರಿನ ಕೋರ್ಟಿನದೇ, ಅಂದರೆ ಅಪ್ಪ ಕೂಗುವ ಕೋರ್ಟಿನದು. ಪಾಮನಕಲ್ಲೂರಿನ ಒಬ್ಬ ಹುಡುಗ, ಇಪ್ಪತ್ತರ ಆಚೀಚೆ, ಮಸ್ಕಿಯಲ್ಲಿ ಹೋಟೆಲಿನ ಮುಂದೆ ನಿಲ್ಲಿಸಿದ್ದ ಸೈಕಲ್ ಕದ್ದಿದ್ದ. ಅದನ್ನು ಲಿಂಗಸುಗೂರಿನವರೆಗೆ ತುಳಿದುಕೊಂಡು ಬಂದು ಮಾರಲು ಹೋಗಿ ಸಿಕ್ಕಿಬಿದ್ದಿದ್ದ. ಒಂದು ತಿಂಗಳು ಊರಿನ ಸಬ್‌ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಗೆ ಬಂದಿದ್ದ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ಮೊದಲ ತಪ್ಪಾದ್ದರಿಂದ, ಇವನನ್ನು ಜೈಲಿಗೆ ಕಳಿಸಬೇಕೋ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕೋ, ಊರಿಗೆ ಹೋಗಿ ವಿಚಾರಿಸಿ ವರದಿ ಕೊಡಿ ಎಂದು ಸಾಹೇಬರು ನನಗೆ ಹೇಳಿದರು.

ಬೇವಿನ ಗಿಡದ ಕೆಳಗೇ ಅವನನ್ನು ಕೂರಿಸಿಕೊಂಡು ಯಾಕಪ್ಪ ಕದ್ದಿ ಎಂದು ಕೇಳಿದೆ. ಧಾರವಾಡದಲ್ಲಿ ಬಡತನ, ಸಹವಾಸ, ಕುಟುಂಬದ ಒಡಕು ಎಂದು ಅನೇಕ ಕಾರಣಗಳನ್ನು ಕಲಿತು ಬಂದಿದ್ದೆ. ಅವನು ನೆಲ ನೋಡುತ್ತ ಹೇಳಿದ: "ಸುಮ್ಮನ ಹತ್ತಿ ನೋಡಿದೆ ರೀ. ಇಳಿಯಾಕ ಮನಸಾಗಲಿಲ್ಲ."

ಇದಕ್ಕೆ ಯಾವ ಪಾಠವೂ ನೆನಪಾಗಲಿಲ್ಲ. ಹಾಗೇ ಬರೆದುಕೊಂಡೆ.

ಹಳ್ಳಿಗೆ ಹೋಗುವ ಮೊದಲು ರಾಯಚೂರಿನ ನನ್ನ ಹಿರಿಯ ಅಧಿಕಾರಿ ಎರಡು ಬುದ್ಧಿಮಾತು ಹೇಳಿದ್ದರು. ಒಂದು, ಊರಲ್ಲಿ ಕೋರ್ಟು, ಕಳ್ಳತನ ಎಂಬ ಮಾತನ್ನು ಬೀದಿಯಲ್ಲಿ ಎತ್ತಬಾರದು, ಅವನ ಮಾನ ಹೋಗುತ್ತದೆ. ಎರಡು, ಅವನ ಮನೆಯಲ್ಲಿ ಏನನ್ನೂ ತಿನ್ನಬಾರದು. ಮೂರನೆಯದೊಂದು ಬುದ್ಧಿಮಾತು ಅವರಿಗೆ ಹೊಳೆಯಲಿಲ್ಲ, ತಾಯಿಯನ್ನು ಜೊತೆಗೆ ಕರೆದುಕೊಂಡು ಹೋಗಬಾರದು. ಕಳ್ಳರ ಮನೆ ಹುಡುಕಿಕೊಂಡು ಮದುವೆಯಾಗದ ಮಗಳು ಒಬ್ಬಳೇ ಹೋಗುವುದು ಅವ್ವನಿಗೆ ಒಪ್ಪಿಗೆಯಿರಲಿಲ್ಲ. ಇಳಕಲ್ ಸೀರೆ ಉಟ್ಟು, ಎಲೆ ಅಡಿಕೆಯ ಚೀಲ ಸಿಕ್ಕಿಸಿಕೊಂಡು ನನಗಿಂತ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು.

ಮಸ್ಕಿಯಲ್ಲಿ ಬಸ್ಸು ಬದಲಿಸಿ ಪಾಮನಕಲ್ಲೂರಿನಲ್ಲಿ ಇಳಿದೆವು. ಎದುರಿಗೆ ಚಹಾದಂಗಡಿ. ಹೇಗೆ ಮಾತು ಶುರು ಮಾಡಬೇಕೆಂದು ನಾನು ಯೋಚಿಸುತ್ತಿದ್ದಂತೆ ಅವ್ವ ಅಂಗಡಿಯವನ ಕಡೆ ತಿರುಗಿ ಹುಡುಗನ ಹೆಸರು ಹೇಳಿ ಕೇಳಿಯೇಬಿಟ್ಟಳು: "ಮನಿಕಡಿ ಹೆಂಗ್ರಿ? ಹುಡುಗನ ಗುಣಾ ಹೆಂಗೈತಿ?"

ಬೇರೆಯವರ ಮಗನ ಬಗ್ಗೆ ವಿಚಾರಿಸುವ ರೀತಿ ಅವ್ವನಿಗೆ ಗೊತ್ತಿದ್ದದ್ದು ಅದೊಂದೇ. ಅಂಗಡಿಯವನು ನನ್ನನ್ನೊಮ್ಮೆ ನೋಡಿದ, ಅವ್ವನ ಇಳಕಲ್ ಸೀರೆಯನ್ನೊಮ್ಮೆ ನೋಡಿದ. ಅವನ ಮುಖ ಅರಳಿತು.

"ಆ ಹುಡುಗಾ? ಬಂಗಾರ ನೋಡ್ರಿ. ನನ್ನ ಅಂಗಡ್ಯಾಗ ಚಾ ಸೈತ ಕುಡಿಯಂಗಿಲ್ಲ."

"ಚಾ ಸೈತ ಕುಡಿಯದವ ಚಾದಂಗಡಿಗೆ ಯಾಕ ಬರತಾನ್ರಿ?" ಎಂದಳು ಅವ್ವ.

"ಪೇಪರ್ ಓದಾಕ ಬರತಾನ್ರಿ."

ಹುಡುಗ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವನು ಎಂದು ನನ್ನ ಚೀಲದೊಳಗಿನ ಕಾಗದ ಹೇಳುತ್ತಿತ್ತು. ಆದರೂ ಬರೆದುಕೊಂಡೆ. ಮುಂದಿನದು ಇನ್ನೂ ಚೆನ್ನಾಗಿತ್ತು. ಹೋದ ತಿಂಗಳು ಹುಡುಗ ಊರಲ್ಲಿ ಇರಲಿಲ್ಲವಂತಲ್ಲ ಎಂದು ನಾನು ಮೆಲ್ಲಗೆ ಕೇಳಿದರೆ, ಅಂಗಡಿಯವನು "ಬಳ್ಳಾರ್ಯಾಗ ಸ್ವಾದರಮಾವ ಅದಾನ್ರಿ, ಅಲ್ಲಿಗೆ ಹೋಗಿದ್ದ" ಎಂದ. ಹಿಟ್ಟಿನ ಗಿರಣಿಯವನು "ಹಟ್ಟ್ಯಾಗ ಬಂಗಾರದ ಗಣಿ ಕೆಲಸ ಸಿಗತೈತೇನು ನೋಡಾಕ ಹೋಗಿದ್ದ" ಎಂದ. ಬೋರಿಂಗಿನ ಹತ್ತಿರ ಕೊಡ ತುಂಬುತ್ತಿದ್ದ ಮುದುಕಿಯಂತೂ ಅವನನ್ನು ಶ್ರೀಶೈಲಕ್ಕೆ ನಡೆಸಿಯೇ ಕಳಿಸಿದ್ದಳು. "ಭಾಳ ದೇವರು ಭಕ್ತಿ ಯವ್ವಾ. ಕಾಲಿನ್ಯಾಗ ಗುಳ್ಳಿ ಬಂದಿದ್ವು." ಒಬ್ಬನೇ ಹುಡುಗ ಒಂದೇ ತಿಂಗಳಲ್ಲಿ ಮೂರು ದಿಕ್ಕಿಗೆ ಹೋಗಿದ್ದ. ಹೋಗದೆ ಉಳಿದದ್ದು ಸಬ್‌ಜೈಲಿಗೆ ಮಾತ್ರ.

ಆ ಹೊತ್ತಿಗೆ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಹಳ್ಳಿಯ ಜನ ಸರಕಾರಿ ವಿಚಾರಣೆಗೆ ಇಷ್ಟೊಂದು ಸಹಕರಿಸುತ್ತಾರಲ್ಲ ಎಂದು ಹಿಗ್ಗುತ್ತಲೇ ಹುಡುಗನ ಮನೆ ಮುಟ್ಟಿದೆ.

ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಅಂಗಳಕ್ಕೆ ನೀರು ಹೊಡೆದಿತ್ತು, ಕಂಬಳಿ ಹಾಸಿತ್ತು. ಗಂಡ ಸತ್ತ ಮೇಲೆ ಕೂಲಿ ಮಾಡಿ ಮಗನನ್ನು ಸಾಕಿದ ತಾಯಿ, ಸೆರಗು ಸರಿ ಮಾಡಿಕೊಳ್ಳುತ್ತ ನಿಂತಿದ್ದಳು. ನಾನು ಕೂತೆನೋ ಇಲ್ಲವೋ, ಬಿಸಿ ಮಿರ್ಚಿ, ಮಂಡಕ್ಕಿ ಒಗ್ಗರಣೆ ಬಂತು. ತಿನ್ನಬಾರದು ಎಂಬುದು ನೆನಪಾದಾಗ ಅರ್ಧ ಮಿರ್ಚಿ ಬಾಯಲ್ಲಿತ್ತು. ಅವ್ವನದು ಎರಡನೆಯದು ನಡೆದಿತ್ತು.

"ಹೊಲ ಐತೇನು?" ಎಂದಳು ಅವ್ವ, ಬಾಯಿ ಒರೆಸಿಕೊಂಡು.

"ಎರಡು ಎಕರೆ ಐತ್ರಿ, ಮಳಿ ಬಂದ್ರ ಬೆಳಿ. ಹುಡುಗ ದುಡಿತಾನ. ಮಾತು ಕಮ್ಮಿ. ಒಬ್ಬರಿಗೆ ಎದುರಾಡಿದವನಲ್ಲ." ತಾಯಿ ಒಳಗೆ ಹೋಗಿ ಕುಂಕುಮದ ಬಟ್ಟಲು, ಉಡಿ ತುಂಬಲು ಒಂದು ಕುಬಸದ ಖಣ ತಂದಳು. ನನ್ನ ಹಣೆಗೆ ಕುಂಕುಮ ಹಚ್ಚುತ್ತ ಕೇಳಿದಳು: "ನಿನ್ನ ತಂಗೀನೂ ನಿನ್ನಂಗ ಓದ್ಯಾಳೇನವ್ವ? ನಮ್ಮಂಥವರ ಮನ್ಯಾಗ ಬಾಳೇ ಮಾಡತಾಳೇನು?"

ನನಗೆ ತಂಗಿಯೇ ಇಲ್ಲ. ಉಳಿದ ಮಿರ್ಚಿಯನ್ನು ತಾಟಿನಲ್ಲಿ ಇಟ್ಟೆ. ಊರಿಗೆ ಊರೇ ನಮ್ಮನ್ನು ಹೆಣ್ಣಿನ ಕಡೆಯವರೆಂದು, ನನ್ನನ್ನು ಹೆಣ್ಣಿನ ಅಕ್ಕನೆಂದು ತಿಳಿದಿದೆ ಎಂಬುದು ಆಗ ತಲೆಗೆ ಹೋಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರಲ್ಲ, ಆ ಸಾವಿರದಲ್ಲಿ ತಮ್ಮ ತಮ್ಮ ಪಾಲನ್ನು ಅವರೆಲ್ಲ ನಿಷ್ಠೆಯಿಂದ ಸಲ್ಲಿಸಿದ್ದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಅಂಗಳಕ್ಕೆ ಬಂದ. ನನ್ನನ್ನು ನೋಡಿ ಹೊರೆ ಕೆಡವಿದ.

"ಯವ್ವಾ, ಇವರು ಕೋರ್ಟಿನ ಅಕ್ಕೋರು" ಎಂದ.

ತಾಯಿಯ ಕೈಯಲ್ಲಿ ಖಣ ಹಾಗೇ ಉಳಿಯಿತು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಆ ಹೊತ್ತಿನಲ್ಲಿ ನನ್ನ ನೌಕರಿಯ ಮೇಲೆ ನನಗೇ ಸಿಟ್ಟು ಬಂತು. ಬಿ.ಎಡ್.ಗೆ ಹೋಗಿದ್ದರೆ ಯಾರ ಮನೆಯ ಅಂಗಳದಲ್ಲೂ ಹೀಗೆ ಕೂರಬೇಕಾಗಿರಲಿಲ್ಲ. ತಾಯಿ ಕೆಳಗೆ ಕುಳಿತು ಹೇಳಿದಳು: "ಸುಳ್ಳು ಹೇಳಿದ್ದು ಊರ ಮಂದಿ ಯವ್ವಾ. ಅದನ್ನ ನನ್ನ ಮಗನ ತೆಲಿ ಮ್ಯಾಲ ಹಾಕಬ್ಯಾಡ್ರಿ."

ನಾವು ಹೊರಡುವಾಗ ಆ ತಾಯಿ ಖಣವನ್ನು ಮಾತ್ರ ವಾಪಸು ಇಟ್ಟುಕೊಳ್ಳಲಿಲ್ಲ. ಉಡಿಗೆ ತಂದದ್ದನ್ನು ಒಳಗೆ ಒಯ್ಯಬಾರದು ಎಂದು ಅವ್ವನ ಕೈಗೆ ಕೊಟ್ಟಳು. ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡು, ಅಂಗಳದ ತುಳಸಿಯ ಬುಡದಲ್ಲಿ ಇಟ್ಟು ಬಂದಳು.

ಬಸ್ಸಿನಲ್ಲಿ ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಬರೆದುಕೊಂಡದ್ದೆಲ್ಲ ಸುಳ್ಳು. ಊರಿನವರ ಮಾತು ನಂಬಲು ಬಾರದು ಎಂದು ಬರೆದರೆ ಹುಡುಗ ಜೈಲಿಗೆ. ನಂಬಿದೆ ಎಂದು ಬರೆದರೆ ನಾನೂ ಸಾವಿರದಲ್ಲಿ ಒಬ್ಬಳು. ಅವ್ವನನ್ನು ಕೇಳಿದರೆ, "ನಾ ಆಗಿದ್ರ ಆ ಚಾದಂಗಡಿಯವನ್ನ ಜೈಲಿಗೆ ಹಾಕ್ತಿದ್ದೆ" ಎಂದಳು. ಆಮೇಲೆ ತನ್ನಷ್ಟಕ್ಕೆ, "ಗುರುಗುಂಟಾದಾಗ ಹಿಂಗ ಆಗಿದ್ದಿಲ್ಲ ನೋಡು" ಎಂದಳು.

ಗುರುಗುಂಟಾಕ್ಕೆ ನನ್ನ ಚಿಕ್ಕಮ್ಮನಿಗೆ ಗಂಡು ನೋಡಲು ಹೋಗಿದ್ದು ನನಗೂ ನೆನಪಿತ್ತು. ಚಿಕ್ಕವಳಿದ್ದೆ, ಅವ್ವನ ಸೆರಗು ಹಿಡಿದು ಹೋಗಿದ್ದೆ. ಅಲ್ಲಿ ಯಾರೂ ಆ ಗಂಡಿನ ಬಗ್ಗೆ ಒಂದು ಕೆಟ್ಟ ಮಾತು ಆಡಿರಲಿಲ್ಲ. ಕೇಳಿದವರೆಲ್ಲ, "ನಮಗಷ್ಟು ಗೊತ್ತಿಲ್ಲರೀ, ಆ ಮನಿಯವರನ್ನ ಕೇಳ್ರಿ" ಎಂದು ಮುಂದಿನ ಮನೆ ತೋರಿಸಿದ್ದರು. ಮೂರನೆಯ ಮನೆಯಲ್ಲೂ ಅದೇ ಮಾತು ಬಂದಾಗ ಅವ್ವ ಗಂಡಿನ ಮನೆ ಹೊಸ್ತಿಲು ತುಳಿಯದೆ ಬಸ್ಸು ಹತ್ತಿದ್ದಳು. ನಮ್ಮ ಕಡೆ ಊರು ಕೈಬಿಟ್ಟ ಮನುಷ್ಯನ ಗುರುತು ಅದು. ಅವನ ಸಲುವಾಗಿ ಯಾರೂ ಒಂದು ಸುಳ್ಳನ್ನೂ ಖರ್ಚು ಮಾಡುವುದಿಲ್ಲ.

ಸಾಹೇಬರು ನನ್ನನ್ನು ಕೇಳಿದ್ದಾದರೂ ಏನು? ಇವನನ್ನು ಬಿಟ್ಟರೆ ತಿರುಗಿ ಸೇರಿಸಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು. ಮಸ್ಕಿ ಮುಟ್ಟುವ ಹೊತ್ತಿಗೆ ನನ್ನ ವರದಿ ತಲೆಯಲ್ಲಿ ತಯಾರಾಗಿತ್ತು. ನಡೆದದ್ದನ್ನೆಲ್ಲ ಬರೆದೆ, ಪೇಪರು, ಬಳ್ಳಾರಿ, ಶ್ರೀಶೈಲ, ಮಿರ್ಚಿ ಕೂಡ. ಬಿಡಬೇಕು ಎಂದು ಕೊನೆಗೆ ಬರೆದೆ.

ತೀರ್ಪಿನ ದಿನ ಅಪ್ಪ ಬಾಗಿಲಲ್ಲಿ ನಿಂತು ಹುಡುಗನ ಹೆಸರನ್ನು ಮೂರು ಸಲ ಕೂಗಿದರು. ಹುಡುಗ ಅವರ ಮೊಣಕೈ ಹತ್ತಿರವೇ ನಿಂತಿದ್ದ. ಸಾಹೇಬರು ಬೆಂಗಳೂರು ಕಡೆಯವರು. ನನ್ನ ವರದಿ ಓದಿ ಕನ್ನಡಕ ತೆಗೆದರು.

"ಊರಿನವರೆಲ್ಲ ಸುಳ್ಳು ಹೇಳಿದರು ಅಂತ ನೀವೇ ಬರೆದಿದ್ದೀರಿ. ಆಮೇಲೆ ಬಿಡುಗಡೆ ಮಾಡಿ ಅಂತಲೂ ಬರೆದಿದ್ದೀರಿ. ಇದೇನಮ್ಮ?"

"ಇವನಿಗೆ ಸಂಸಾರ ಆಗಲಿ ಅಂತ ಹೇಳಿದ ಸುಳ್ಳು, ಸರ್. ಕಳ್ಳ ಅಂತ ಗೊತ್ತಿದ್ದೂ ಹೇಳಿದರು. ಊರಿಗೆ ಇವನು ಇನ್ನೂ ಬೇಕಾಗಿದ್ದಾನೆ" ಎಂದೆ.

ಸಾಹೇಬರು ವರದಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅದರ ಹಿಂದೆ ನಕ್ಕರು ಎಂದು ಅಪ್ಪ ಇವತ್ತಿಗೂ ಸಾಧಿಸುತ್ತಾರೆ. ಒಂದು ವರ್ಷದ ಮುಚ್ಚಳಿಕೆ, ನನ್ನ ಉಸ್ತುವಾರಿ ಎಂದು ಆದೇಶವಾಯಿತು. ತಾಯಿ ಮಗ ಹೊರಗೆ ನಡೆದರು.

ಅಪ್ಪ ಮುಂದಿನ ಹೆಸರು ಕೂಗಬೇಕಿತ್ತು, ಕೂಗಲಿಲ್ಲ. ಕೋರ್ಟಿನ ಗೇಟಿನವರೆಗೆ ಹೋಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ನಿಂತರು. ತಿರುಗಿ ಬಂದು ನನ್ನ ಹತ್ತಿರ ಸಣ್ಣ ದನಿಯಲ್ಲಿ, ಅವರಿಗೂ ಸಣ್ಣ ದನಿ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು, "ಬಸ್‌ಸ್ಟ್ಯಾಂಡಿಗೆ ಹೋದ್ರು ನೋಡವ್ವ" ಎಂದರು. ನಾನು ಸಣ್ಣವಳಿದ್ದಾಗ ಕೇಳಿದ ಪ್ರಶ್ನೆ ಅವರಿಗೂ ನೆನಪಿತ್ತು. ನನಗೆ ಅಳು ಬಂತು.

ಹುಡುಗನಿಗೆ ಮಸ್ಕಿಯಲ್ಲಿ ಕೆಲಸ ಸಿಕ್ಕಿತು, ಅದೂ ಸೈಕಲ್ ರಿಪೇರಿ ಅಂಗಡಿಯಲ್ಲಿ. "ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗಾತು" ಎಂದಳು ಅವ್ವ. ಆ ವರ್ಷವೆಲ್ಲ ತಿಂಗಳಿಗೊಮ್ಮೆ ಬೇವಿನ ಗಿಡದ ಕೆಳಗೆ ಬಂದು, ಕೇಳಿದ್ದಕ್ಕೆ "ಹೂಂ ರೀ", "ಇಲ್ಲ ರೀ" ಎಂದು ಹೇಳಿ ಹೋಗುತ್ತಿದ್ದ. ಅವನು ಇಟ್ಟ ಕೋರ್ಟಿನ ಅಕ್ಕೋರು ಎಂಬ ಹೆಸರು ನಮ್ಮ ಓಣಿಗೆ ಬರುವಷ್ಟರಲ್ಲಿ ಸ್ವಲ್ಪ ಬದಲಾಯಿತು. ಎದುರು ಮನೆಯ ಕಾಕಾ ನನ್ನನ್ನು ಕಳ್ಳರ ಅಕ್ಕೋರು ಎಂದು ಕರೆಯತೊಡಗಿದರು. ಅವ್ವ ಮೊದಲು ಮುಖ ಗಂಟಿಕ್ಕಿದಳು. ಆಮೇಲೆ ಮೊದಲಿನ ಪದ ಬಿಟ್ಟು ಎರಡನೆಯದನ್ನು ಮಾತ್ರ ಕೇಳಿಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಳು. ವರ್ಷ ಕಳೆದರೂ ಬಿ.ಎಡ್. ಮಾತು ಎತ್ತಲಿಲ್ಲ.

ಕೆಲವು ವರ್ಷಗಳ ಮೇಲೆ, ನಾನು ಖಾಯಂ ಆಗಿ ಎಷ್ಟೋ ದಿನವಾಗಿತ್ತು, ಸಿಂಧನೂರಿನ ಕೋರ್ಟಿನಿಂದ ಬರುತ್ತ ಮಸ್ಕಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಯಾರೋ "ಅಕ್ಕೋರ" ಎಂದರು. ಅವನೇ. ಮೈ ತುಂಬಿಕೊಂಡಿದ್ದ, ಕಂಕುಳಲ್ಲಿ ಒಂದು ಕೂಸು. ಪಕ್ಕದಲ್ಲಿ ಹೆಂಡತಿ, ಚುರುಕು ಕಣ್ಣಿನವಳು.

"ಯಾರು ಇವರು?" ಎಂದು ಅವಳು ಗಂಡನನ್ನು ಕೇಳಿದಳು.

ಅವನು ಕೂಸನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದ. ಕೊನೆಗೆ, "ಲಿಂಗಸುಗೂರಿನವರು. ಆವಾಗ ನಮ್ಮೂರಿಗೆ ಬಂದಿದ್ರು" ಎಂದ.

ಹೆಂಡತಿಯ ಕಣ್ಣು ಅರಳಿತು. "ಹೌದಲ್ಲ, ನಮ್ಮತ್ತಿ ಹೇಳ್ಯಾಳ. ತಂಗೀನ ಕೊಡಾಕ ಬಂದು, ಮಿರ್ಚಿ ತಿಂದು, ಒಲ್ಲೆ ಅಂತ ಹೋದವರು ನೀವೇ ಏನ್ರಿ?"

ಊರು ತನ್ನ ಸಾವಿರವನ್ನು ಅಲ್ಲಿಗೇ ನಿಲ್ಲಿಸಿರಲಿಲ್ಲ ಎಂದಾಯಿತು. ಅವಳಿಗೆ ಏನೂ ಗೊತ್ತಿರಲಿಲ್ಲ. ಅವನು ನೆಲ ನೋಡುತ್ತಿದ್ದ, ಬೇವಿನ ಗಿಡದ ಕೆಳಗೆ ನೋಡುತ್ತಿದ್ದ ಹಾಗೆಯೇ. ಅವನ ಸಂಸಾರ ಆಗ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಕೋರ್ಟಿಗೆ ಖರೆಯನ್ನೇ ಬರೆದುಕೊಟ್ಟು ಪಗಾರ ತಿನ್ನುವವಳು ನಾನು.

"ಹೌದವ್ವ" ಎಂದೆ. "ನಮ್ಮ ತಂಗಿ ಹಣ್ಯಾಗ ಬರದಿದ್ದಿಲ್ಲ."

"ಈಗ ಎಲ್ಲಿ ಅದಾಳ್ರಿ?"

"ಹಟ್ಟ್ಯಾಗ. ಖಾಯಂ ನೌಕರಿ ಇರೋನ್ನ ಮಾಡಿಕೊಂಡಾಳ."

"ಖಾಯಂ ಇದ್ರ ಏನಾತ್ರಿ" ಎಂದಳು ಅವಳು, ಗಂಡನ ಕಡೆ ನೋಡಿ ಸ್ವಲ್ಪ ಜಂಬದಿಂದ. "ಗುಣಾ ಬೇಕು."

ಬಸ್ಸು ಬಂತು. ಜನ ಮುಗಿಬಿದ್ದರು. ಅವನು ಕೂಸನ್ನು ಹೆಂಡತಿಯ ಕೈಗೆ ಕೊಟ್ಟು ಓಡಿ, ಕಿಟಕಿಯಿಂದ ತನ್ನ ಟವೆಲ್ ಒಳಗೆಸೆದು ನನಗೊಂದು ಸೀಟು ಹಿಡಿದ. ನಾನು ಹತ್ತುವಷ್ಟರಲ್ಲಿ ಆ ಸೀಟಿಗೆ ಇನ್ನೊಬ್ಬಳು ತನ್ನ ಚೀಲ ಇಟ್ಟು ಜಗಳಕ್ಕೆ ನಿಂತಿದ್ದಳು. ಕೆಳಗಿನಿಂದ ಅವನು, "ಅದು ನಮ್ಮ ಅಕ್ಕೋರ ಸೀಟು, ಮೊದಲ ಹಿಡದೀನಿ" ಎಂದು ವಾದ ಹೂಡಿದ್ದ. ಚೀಲ ಮೊದಲೋ ಟವೆಲ್ ಮೊದಲೋ ನಾನು ವಿಚಾರಿಸಲಿಲ್ಲ. ಕುಳಿತುಕೊಂಡು ಕಿಟಕಿಯಿಂದ ಟವೆಲ್ ಕೊಟ್ಟೆ. ತೆಗೆದುಕೊಳ್ಳುವಾಗ ಅವನು ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ.

ಬಸ್ಸು ಹೊರಟಾಗ ಅವನ ಹೆಂಡತಿ ಕೂಸನ್ನು ಎತ್ತಿ ಹಿಡಿದು ಕಿಟಕಿಯ ಜೊತೆಗೆ ನಾಲ್ಕು ಹೆಜ್ಜೆ ಬಂದಳು.

"ನಿಮ್ಮ ತಂಗೀನ ಕೇಳಿದೆ ಅಂತ ಹೇಳ್ರಿ."

"ಹೇಳತೀನವ್ವ" ಎಂದೆ.